ಎದುರಿಗೆ ಯಾರೂ ಬರದ ದಾರಿ

ಸ್ಪೇನಿನ ಸಾಂಟಿಯಾಗೊಗೆ ನಡೆದು ಹೋಗುವ ಕಮಿನೊ ಯಾತ್ರೆಯಲ್ಲಿದ್ದೇನೆ. ಇವತ್ತು ಪಿರೆನೀಸ್ ಪರ್ವತ ದಾಟಿದೆ. ಫ್ರಾನ್ಸಿನ ಸೇಂಟ್ ಜಾನ್‌ನಿಂದ ಸ್ಪೇನಿನ ರೋನ್ಸೆಸ್ವಾಯೆಸ್‌ಗೆ. ಸುಮಾರು 25 ಕಿಲೋಮೀಟರ್, ಹೆಚ್ಚುಪಾಲು ಏರು.

ಇಡೀ ದಿನ ಕಂಡದ್ದು ಜನರ ಬೆನ್ನು ಮಾತ್ರ.

ಮುಂದಿದ್ದ ಹೆಂಗಸಿನ ಚೀಲಕ್ಕೆ ಈ ಯಾತ್ರಿಕರ ಗುರುತಾದ ಒಂದು ಬಿಳಿ ಚಿಪ್ಪು ಕಟ್ಟಿತ್ತು, ಮೇಲೆ ಕೆಂಪು ಶಿಲುಬೆ. ಒರಿಸೊನ್ ತಂಗುದಾಣ ದಾಟಿದ ಮೇಲೂ ಅದನ್ನೇ ನೋಡುತ್ತಾ ಹತ್ತಿದೆ. ಅವರು ನಿಂತರೆ ನಾನೂ ನಿಂತೆ. ಮಂಜು ಕವಿದಾಗ ಅವರು ಕಾಣಲಿಲ್ಲ, ಚಿಪ್ಪು ಬಕಲ್‌ಗೆ ತಾಗುವ ಟಕ್ ಟಕ್ ಅಷ್ಟೇ ಕೇಳುತ್ತಿತ್ತು. ಅದೇ ದಾರಿ ತೋರಿಸಿತು.

ನಮ್ಮ ಕುಮಾರ ಪರ್ವತದಲ್ಲಿ ಇಳಿಯುವವರು ಎದುರು ಸಿಗ್ತಾರಲ್ಲ, "ಇನ್ನೇನು ಬಂತು, ಹತ್ತೇ ನಿಮಿಷ" ಅಂತಾರಲ್ಲ. ನಿಜ ಅಲ್ಲ ಅಂತ ಗೊತ್ತಿದ್ದರೂ ಕಾಲಿಗೆ ಜೀವ ಬರುತ್ತೆ. ಇಲ್ಲಿ ಆ ಮಾತು ಹೇಳೋರಿಲ್ಲ. ಬಾಣದ ಗುರುತುಗಳೆಲ್ಲ ಒಂದೇ ದಿಕ್ಕಿಗೆ, ಸಾಂಟಿಯಾಗೊ ಕಡೆಗೆ.

ಹಿಂದಿನ ಕಾಲದ ಯಾತ್ರಿಕರು ಅಲ್ಲಿ ತಲುಪಿದರೆ ಅರ್ಧ ಯಾತ್ರೆ ಅಷ್ಟೇ. ವಾಪಸ್ಸೂ ನಡೆದೇ ಬರಬೇಕಿತ್ತು. ಆಗ ಈ ಬೆಟ್ಟದ ಮೇಲೆ ಹೋಗೋರು, ಬರೋರು ಮುಖಾಮುಖಿ ಆಗುತ್ತಿದ್ದರು. ಮುಂದಿನ ಹೊಳೆ ತುಂಬಿದೆಯಾ, ಯಾವ ಊರಲ್ಲಿ ಅನ್ನ ಹಾಕ್ತಾರೆ, ಎಲ್ಲ ತಿಳಿಯುತ್ತಿತ್ತು. ಈಗ ಬಹುತೇಕ ಎಲ್ಲರೂ ಬಸ್ಸು, ವಿಮಾನ ಹತ್ತಿ ಮರಳುತ್ತಾರೆ. ಮುಗಿಸಿ ಬಂದವರ ಮುಖ ದಾರಿಗೆ ತಪ್ಪಿಹೋಯಿತು. ದೊಡ್ಡ ನಷ್ಟ ಅನಿಸಿತು ನನಗೆ.

ಲೆಪೊಯೆದರ್ ಘಾಟಿಯಲ್ಲಿ, 1430 ಮೀಟರ್ ಎತ್ತರದಲ್ಲಿ, ಗಾಳಿಗೆ ನಿಲ್ಲೋಕೇ ಆಗಲಿಲ್ಲ. ಬೀಚ್ ಮರಗಳ ಕಾಡಿನ ಕಡಿದಾದ ಇಳಿಜಾರು ಬಿಟ್ಟು ಇಬಾನ್ಯೆತಾ ಘಾಟಿಯ ಕಡೆಯಿಂದ ಇಳಿದೆ. ಮಂಡಿ ಉಳಿಯಿತು.

ನಾಳೆ ಸುಬಿರಿ ಊರಿಗೆ. ಕೊನೆಗೆ ಕಲ್ಲಿನ ಇಳಿಜಾರಂತೆ. ನಡೆದವರು ಯಾರಾದರೂ ಇದ್ದರೆ ಹೇಗಿದೆ ಹೇಳಿ.