ಆಫ್‌ಸೆಟ್ ಹೊಡೆಯುವ ಮುಂಚೆ

ಸಿಎನ್‌ಸಿ ಲೇತ್‌ನಲ್ಲಿ (ಜಾಬ್ ತಿರುಗಿಸಿ ಕತ್ತರಿಸುವ ಕಂಪ್ಯೂಟರ್ ಮಷೀನ್) ಸೈಜ್ ತಪ್ಪಿದ ಕೂಡಲೇ ಕೈ ಆಫ್‌ಸೆಟ್ ಪೇಜಿಗೆ, ಅಂದರೆ ಟೂಲ್ ನಿಲ್ಲುವ ಜಾಗವನ್ನು ಚೂರು ತಿದ್ದುವ ಸ್ಕ್ರೀನಿಗೆ ಹೋಗುತ್ತದೆ. ಹತ್ತು ಸೆಕೆಂಡಿನಲ್ಲಿ ಸೈಜ್ ಬರುತ್ತದೆ, ಕಾರಣ ಮಾತ್ರ ಅಲ್ಲೇ ಉಳಿಯುತ್ತದೆ. ಪೀಣ್ಯದ ಶಾಪ್‌ಗಳಲ್ಲಿ ವರ್ಷಗಟ್ಟಲೆ ಆಪರೇಟರ್ ಆಗಿಯೇ ಉಳಿಯುವವರಿಗೂ ಬೇಗ ಸೆಟ್ಟರ್ (ಮಷೀನನ್ನು ಕೆಲಸಕ್ಕೆ ಸಜ್ಜು ಮಾಡುವವರು) ಆಗುವವರಿಗೂ ಇರುವ ವ್ಯತ್ಯಾಸ ಬಹುಪಾಲು ಇಷ್ಟೇ: ಸೈಜ್ ಯಾಕೆ ತಪ್ಪಿತು ಅಂತ ಹುಡುಕಿದರೋ ಇಲ್ಲವೋ.

25 ಎಂಎಂ ಎಚ್7 ಬೋರ್ ತೆಗೆದುಕೊಳ್ಳಿ (ಬೋರ್ ಅಂದರೆ ಒಳರಂಧ್ರ, ಎಚ್7 ಅಂದರೆ ಅದರ ಸೈಜ್‌ಗೆ ಇರುವ ಮಿತಿ). 25.000ರಿಂದ 25.021, ಸಿಗುವ ಜಾಗ 21 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಭಾಗ). ಸೈಜ್ ತಪ್ಪುವ ರೀತಿಯೇ ಅರ್ಧ ಉತ್ತರ ಹೇಳುತ್ತದೆ. ಬೆಳಿಗ್ಗೆ ಮೊದಲ ಕೆಲವು ಜಾಬ್‌ಗಳಲ್ಲಿ ಸರಿದು ಆಮೇಲೆ ನಿಂತರೆ ಅದು ಮಷೀನ್ ಬಿಸಿಯಾಗುವ ಹೊತ್ತಿನ ಹಿಗ್ಗುವಿಕೆ. ಜಾಬ್ ಹಾಕುವ ಮುಂಚೆ 15-20 ನಿಮಿಷ ಸ್ಪಿಂಡಲ್, ಆಕ್ಸಿಸ್ ಖಾಲಿ ಓಡಿಸಿ. ಬೋರ್ ಒಂದೇ ಸಮನೆ ಚಿಕ್ಕದಾಗುತ್ತಾ ಹೋದರೆ ಇನ್ಸರ್ಟ್, ಅಂದರೆ ಟೂಲ್ ತುದಿಯ ಕತ್ತರಿಸುವ ತುಂಡು, ಸವೆಯುತ್ತಿದೆ (ಹೊರಗಿನ ಡಯಾ ಆದರೆ ದೊಡ್ಡದಾಗುತ್ತಾ ಹೋಗುತ್ತದೆ). ಒಮ್ಮೆಲೇ ಜಿಗಿದರೆ ಇನ್ಸರ್ಟ್ ಮೂಲೆ ಹಾರಿದೆ ಅಥವಾ ಅದರ ಸ್ಕ್ರೂ ಸಡಿಲವಾಗಿದೆ. ಲೆಕ್ಕವಿಲ್ಲದೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಬೋರಿಂಗ್ ಬಾರ್ (ಇನ್ಸರ್ಟ್ ಹೊತ್ತು ಬೋರ್ ಒಳಗೆ ಹೋಗುವ ಸರಳು) ಬಿಗಿಯಾಗಿದೆಯೇ ನೋಡಿ. ಸ್ಟೀಲ್ ಬೋರಿಂಗ್ ಬಾರ್ ತನ್ನ ಡಯಾದ 4 ಪಟ್ಟಿಗಿಂತ ಹೊರಗೆ ಚಾಚಿದ್ದರೆ ನಡುಗುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ತೆಳು ಬುಷ್, ಅಂದರೆ ತೆಳು ಗೋಡೆಯ ಕೊಳವೆಯಂಥ ಜಾಬ್. ಮಷೀನ್ ಮೇಲೆ ಅಳೆದಾಗ ಬೋರ್ ಸರಿ, ಕೆಳಗಿಳಿಸಿದ ಮೇಲೆ ಪ್ಲಗ್ ಗೇಜ್ (ಬೋರ್ ಸೈಜ್ ಪರೀಕ್ಷಿಸಲು ಒಳಗೆ ತೂರಿಸುವ ಗುಂಡು ಅಳತೆಗೋಲು) ಇಳಿಯುವುದಿಲ್ಲ. ಚಕ್‌ನ ಮೂರು ಜಾ (ಜಾಬ್ ಹಿಡಿಯುವ ದವಡೆಗಳು) ಒತ್ತಿ ಹಿಡಿದಾಗ ಬುಷ್ ಒಳಕ್ಕೆ ಬಾಗಿರುತ್ತದೆ. ಆ ಸ್ಥಿತಿಯಲ್ಲಿ ಟೂಲ್ ದುಂಡಗೆ ಕತ್ತರಿಸುತ್ತದೆ. ಜಾ ಬಿಟ್ಟಾಗ ಗೋಡೆ ಹಿಂದಕ್ಕೆ ಸರಿದು ಬೋರ್ ಮೂರು ಉಬ್ಬಿನ ಆಕಾರಕ್ಕೆ ಬರುತ್ತದೆ. ಎರಡು ಬಿಂದುವಿನ ಗೇಜ್ ಯಾವ ಕಡೆ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ರೀಡಿಂಗ್ ಕೊಡುವುದರಿಂದ ಈ ದೋಷ ಅದಕ್ಕೆ ಕಾಣುವುದೇ ಇಲ್ಲ. ಮೂರು ಬಿಂದುವಿನ ಬೋರ್ ಮೈಕ್ರೊಮೀಟರ್ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿದರೆ ರೀಡಿಂಗ್ ಬದಲಾಗುತ್ತದೆ. ಇದಕ್ಕೆ ಯಾವ ಆಫ್‌ಸೆಟ್ಟೂ ಮದ್ದಲ್ಲ. ಫಿನಿಶ್ ಕಟ್‌ಗೆ ಚಕ್ ಪ್ರೆಶರ್ ಇಳಿಸಬೇಕು, ಇಲ್ಲವೇ ಸಾಫ್ಟ್ ಜಾವನ್ನು (ಬೇಕಾದ ಆಕಾರಕ್ಕೆ ಕತ್ತರಿಸಬಹುದಾದ ಮೆತ್ತನೆ ಜಾ) ಜಾಬ್‌ನ ಡಯಾಕ್ಕೇ ಬೋರ್ ಮಾಡಿ, ಸುತ್ತಲೂ ಅಪ್ಪಿ ಹಿಡಿಯುವಂತೆ ಮಾಡಬೇಕು. ಇದನ್ನು ಒಮ್ಮೆ ಕೈಯಾರೆ ಬಿಡಿಸಿದವರಿಗೆ ಕ್ಲ್ಯಾಂಪಿಂಗ್ ಅಂದರೇನು ಅಂತ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ನೋಟ್‌ಬುಕ್ ಇಡಿ: ಸಮಯ, ಎಷ್ಟನೇ ಜಾಬ್, ರೀಡಿಂಗ್, ಹೊಡೆದ ಆಫ್‌ಸೆಟ್, ಕಾರಣ. ಕಾರಣ ಗೊತ್ತಾಗದಿದ್ದರೆ ಜಾಗ ಖಾಲಿ ಬಿಡಿ, ಸುಮ್ಮನೆ ತುಂಬಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಪೀಡ್, ಇನ್ಸರ್ಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಟೊಯೋಟಾದವರ ಐದು 'ಯಾಕೆ' (ಬುಡ ಸಿಗುವವರೆಗೆ ಮತ್ತೆ ಮತ್ತೆ ಯಾಕೆ ಅಂತ ಕೇಳುವುದು) ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬೋರ್ ಯಾಕೆ ಚಿಕ್ಕದಾಯಿತು? ಇನ್ಸರ್ಟ್ ಬೇಗ ಸವೆಯಿತು. ಯಾಕೆ? ಕೂಲಂಟ್ (ಕತ್ತರಿಸುವಾಗ ತಂಪು ಮಾಡಲು ಹರಿಸುವ, ನೀರಿನಲ್ಲಿ ಕಲಸಿದ ದ್ರವ) ತೆಳ್ಳಗಾಗಿದೆ. ಯಾಕೆ? ಟ್ಯಾಂಕ್ ಇಳಿದಾಗಲೆಲ್ಲ ಬರೀ ನೀರು ಸುರಿದಿದ್ದಾರೆ. ಯಾಕೆ? ಕಲಸಿಟ್ಟ ಕೂಲಂಟ್ ಕೈಗೆ ಸಿಗುವಲ್ಲಿಲ್ಲ. ನಾಲ್ಕಕ್ಕೇ ಬುಡ ಸಿಕ್ಕಿತು: ಕಲಸಿದ ಡ್ರಮ್ ಒಂದು ಮಷೀನ್ ಪಕ್ಕ ಇರಬೇಕು, ಅದು ಎಷ್ಟು ಗಟ್ಟಿಯಿದೆ ಅಂತ ಶಿಫ್ಟ್‌ಗೊಮ್ಮೆ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಬೇಕು.

ಮಾಲೀಕರಿಗೆ ಒಂದು ಮಾತು. ರಿಜೆಕ್ಷನ್‌ಗೆ ಸಂಬಳ ಹಿಡಿಯುವ ಶಾಪ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ, ಕೆಟ್ಟ ಜಾಬ್ ಚಿಪ್ ಟ್ರಾಲಿಯ ತಳಕ್ಕೆ ಹೋಗುತ್ತದೆ. ರಿಜೆಕ್ಟ್ ಆಗಿ ಕೆಂಪು ಬಿನ್‌ಗೆ ಬಿದ್ದ ಜಾಬ್‌ಗೆ ನಂಬರ್, ರೀಡಿಂಗ್ ಬರೆದು, ಶಿಫ್ಟ್ ಬದಲಾಗುವಾಗ ಇಬ್ಬರೂ ಆಪರೇಟರ್‌ಗಳು ಅದನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಮಾತಾಡುವಂತೆ ಮಾಡಿ.