ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ: ಆಪರೇಷನ್ನೋ, ರೇಡಿಯೇಷನ್ನೋ?

ಸ್ತನ, ಪ್ರಾಸ್ಟೇಟ್ ಅಥವಾ ಶ್ವಾಸಕೋಶದ ಕ್ಯಾನ್ಸರ್ ಬೆನ್ನಿಗೆ ಇಳಿದಿದೆ ಎಂಬ ರಿಪೋರ್ಟ್ ಕೈಗೆ ಬಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಇದು. ಅದಕ್ಕೂ ಮುಂಚೆ ನೋಡಬೇಕಾದದ್ದು ಕಾಲು; ಗಡ್ಡೆ ಬೆನ್ನುಹುರಿಯನ್ನು ಒತ್ತಿದರೆ ಸೋಲುವುದು ಅದೇ. ಚಿಕಿತ್ಸೆ ಶುರುವಾಗುವ ದಿನ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು. ಕಾಲಿನ ಶಕ್ತಿ ಪೂರ್ತಿ ಹೋಗಿ ಎರಡು ದಿನ ಕಳೆದರೆ ಅದು ಮರಳುವುದು ಅಪರೂಪ. ಕಾಲು ಸೋಲುತ್ತಿದೆ, ಮೂತ್ರ ಕಟ್ಟಿದೆ ಎಂದರೆ ಸೋಮವಾರದ ಓಪಿಡಿಗೆ ಕಾಯಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಮಲಗಿದಾಗ ಜಾಸ್ತಿಯಾಗುವ, ರಾತ್ರಿ ನಿದ್ದೆಯಿಂದ ಎಬ್ಬಿಸುವ, ಎದೆಯ ಸುತ್ತ ಪಟ್ಟಿ ಬಿಗಿದಂತಾಗುವ ನೋವಿದ್ದರೆ ಅನುಮಾನಿಸಬೇಕು. ಎಕ್ಸ್‌ರೇ ಸರಿಯಿದೆ ಎಂಬುದು ಸಮಾಧಾನವಲ್ಲ. ಮೂಳೆಯ ಖನಿಜಾಂಶ ಶೇಕಡ 30ರಿಂದ 50ರಷ್ಟು ಕರಗುವ ತನಕ ಅದರಲ್ಲಿ ಏನೂ ಕಾಣುವುದಿಲ್ಲ. ಇಡೀ ಬೆನ್ನುಮೂಳೆಯ ಎಂಆರ್‌ಐ ಬೇಕು. ದುಡ್ಡು ಉಳಿಸಲು ಸೊಂಟದ ಭಾಗ ಮಾತ್ರ ಮಾಡಿಸಿದರೆ, ಬೆನ್ನಿನ ಮೇಲ್ಭಾಗದ ಗಡ್ಡೆ ತಪ್ಪಿಹೋಗುತ್ತದೆ. ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯುವಂತಿಲ್ಲ. ಟಿಬಿ ಸಾಮಾನ್ಯವಾಗಿ ಡಿಸ್ಕನ್ನೂ ಹಾಳುಮಾಡುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಡಿಸ್ಕ್ ಬಿಟ್ಟು ಮೂಳೆ ಹಿಡಿಯುತ್ತದೆ. ಮೂಲ ಕ್ಯಾನ್ಸರ್ ಯಾವುದೆಂದು ಗೊತ್ತಿಲ್ಲದಿದ್ದರೆ ಬಯಾಪ್ಸಿ ಮಾಡಿಸಲೇಬೇಕು.

ಬೆನ್ನುಹುರಿ ಒತ್ತಿ ಕಾಲು ಸೋಲುತ್ತಿದ್ದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂ. ಅದು ಊತ ಇಳಿಸಿ ಸಮಯ ಗಳಿಸಿಕೊಡುತ್ತದೆ, ಅಷ್ಟೇ. ಶುಗರ್ ಏರುವುದರಿಂದ ದಿನವೂ ನೋಡಬೇಕು. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಅನುಮಾನವಿದ್ದು ಕಾಲು ಗಟ್ಟಿಯಿದ್ದರೆ ಬಯಾಪ್ಸಿ ಮೊದಲು. ಸ್ಟೀರಾಯ್ಡ್‌ಗೆ ಆ ಗಡ್ಡೆ ಕರಗಿಬಿಟ್ಟರೆ ಪರೀಕ್ಷೆಯಲ್ಲಿ ಏನೂ ಸಿಗದಿರಬಹುದು.

ಈಗ ಪ್ರಶ್ನೆಗೆ ಬರೋಣ. ರೇಡಿಯೇಷನ್ ಗಡ್ಡೆಯನ್ನು ಕುಗ್ಗಿಸುತ್ತದೆ, ಆದರೆ ಕುಸಿದ ಮೂಳೆಯನ್ನು ಎತ್ತಿ ನಿಲ್ಲಿಸುವುದಿಲ್ಲ. ಮೂಳೆ ಎಷ್ಟು ಭದ್ರ ಎಂಬುದಕ್ಕೆ 'ಸಿನ್ಸ್' ಎಂಬ 18 ಅಂಕಗಳ ಲೆಕ್ಕವಿದೆ: 6ರವರೆಗೆ ಸ್ಥಿರ, 13 ಅಥವಾ ಅದಕ್ಕಿಂತ ಹೆಚ್ಚಾದರೆ ಅಸ್ಥಿರ, ನಡುವಿನದ್ದಕ್ಕೆ ಸರ್ಜನ್ ಅಭಿಪ್ರಾಯ ಬೇಕು. ಮೊದಲು ಹೇಳಿದ ರಾತ್ರಿ ನೋವಿಗಿಂತ ಬೇರೆಯಾಗಿ, ಎದ್ದು ಕೂತರೆ ತಡೆಯಲಾಗದ ನೋವು, ಮಲಗಿದರೆ ಹಾಯ್ ಎನ್ನಿಸುವುದು ಅಸ್ಥಿರತೆಯ ಲಕ್ಷಣ. ಅಲ್ಲಿ ಸ್ಕ್ರೂ, ರಾಡ್ ಬೇಕಾಗಬಹುದು. 2005ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಪ್ಯಾಚೆಲ್ ತಂಡದ ಅಧ್ಯಯನದಲ್ಲಿ ಬೆನ್ನುಹುರಿ ಒಂದೇ ಕಡೆ ಒತ್ತಿದ್ದವರನ್ನು ನೋಡಿದ್ದರು: ಆಪರೇಷನ್ ಜೊತೆ ರೇಡಿಯೇಷನ್ ಪಡೆದವರಲ್ಲಿ ಶೇಕಡ 84 ಮಂದಿ ನಡೆದರು, ಬರೀ ರೇಡಿಯೇಷನ್ ಪಡೆದವರಲ್ಲಿ 57. ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್), ಲಿಂಫೋಮಾ ರೇಡಿಯೇಷನ್‌ಗೆ ಬೇಗ ಬಗ್ಗುತ್ತವೆ, ಅವಕ್ಕೆ ಈ ಅಧ್ಯಯನದ ಲೆಕ್ಕ ಹೊಂದದು. ಮೂತ್ರಪಿಂಡದಿಂದ ಬೆನ್ನಿಗೆ ಹರಡಿದ ಗಡ್ಡೆಯಲ್ಲಿ ರಕ್ತಸ್ರಾವ ವಿಪರೀತ; ಆಪರೇಷನ್‌ಗೆ ಮುಂಚೆ ಅದರ ರಕ್ತನಾಳಗಳನ್ನು ಮುಚ್ಚಿಸುವುದು ಒಳ್ಳೆಯದು.

ನೋವಿಗೆ ಮಾತ್ರವಾದರೆ 8 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಒಂದೇ ಸಲ ಸಾಕಾಗುತ್ತದೆ. ಮೊದಲ ಕೆಲವು ದಿನ ನೋವು ಏರಬಹುದು, ಹೆದರಬೇಡಿ. ಮೂಳೆ ಸವೆಯದಂತೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಬರೆದುಕೊಟ್ಟರೆ ಕಿಡ್ನಿ ಪರೀಕ್ಷೆಯ ಜೊತೆ ಹಲ್ಲಿನ ಡಾಕ್ಟರನ್ನೂ ಕಾಣಿ. ಹುಳುಕು ಹಲ್ಲು ಕೀಳಿಸುವುದಿದ್ದರೆ ಮೊದಲ ಡ್ರಿಪ್‌ಗೆ ಮುಂಚೆಯೇ ಕೀಳಿಸಿ ಗಾಯ ಮಾಯಿಸಿಕೊಳ್ಳಿ. ಆಮೇಲೆ ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.