ಜಾವಾದ ಪಿಸ್ಟನ್ನೂ ಗ್ರೀಸ್ ಗನ್ನೂ

ಮೂಡಿಗೆರೆಯ ಚಿಕ್ಕಪ್ಪನ ಕಾಫಿ ಗೋಡೌನಿನಲ್ಲಿ ನಿಂತಿದ್ದ ಜಾವಾ 250 ಬೈಕಿನ ಕಚ್ಚಿಕೊಂಡಿದ್ದ ಪಿಸ್ಟನ್ ಕೊನೆಗೂ ಬಿಟ್ಟುಕೊಟ್ಟಿದೆ. ಹೇಗೆ ಬಿಡಿಸಿದಿರಿ ಅಂತ ಬಹಳ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಇಂಜಿನ್ ಪೂರ್ತಿ ಜಾಮ್ ಆಗಿತ್ತು. ಯಾವ ಪುಣ್ಯಾತ್ಮನೋ ಸ್ಪಾರ್ಕ್ ಪ್ಲಗ್ ಬಿಚ್ಚಿಕೊಂಡು ಹೋಗಿ ತೂತಿಗೆ ಹಳೇ ಬನಿಯನ್ ತುರುಕಿದ್ದ. ಮಲೆನಾಡಿನ ಮಳೆಗಾಲದಲ್ಲಿ ಬನಿಯನ್ ನೀರು ತಡೆಯುತ್ತದೆಯೇ? ಹೀರಿ ಹೀರಿ ಒಳಗೇ ಇಳಿಸಿತ್ತು. ಈ ಗಾಡಿಯ ಸಿಲಿಂಡರ್ ಎರಕದ ಕಬ್ಬಿಣ, ಅದರೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಅಲ್ಯೂಮಿನಿಯಂ. ಬೋರ್ (ಸಿಲಿಂಡರಿನ ಒಳಗೋಡೆ) ಮತ್ತು ಪಿಸ್ಟನ್ ಸುತ್ತಲಿನ ರಿಂಗು ಎರಡೂ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡರೆ ಆಮೇಲೆ ದೇವರೇ ಗತಿ.

"ಒಂದ್ಸಲ ಜೋರಾಗಿ ಕಿಕ್ ಹೊಡಿ ಮಾರಾಯ, ಬಿಟ್ಕಳತ್ತೆ" ಅಂತ ಚಿಕ್ಕಪ್ಪ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಅದರ ಮೇಲೆ ಮೈಭಾರ ಬಿಟ್ಟರೆ ಮೊದಲು ಹೋಗುವುದು ಒಳಗಿನ ಹಲ್ಲು. ಗೇರಿಗೆ ಹಾಕಿ ಜೀಪಿಗೆ ಕಟ್ಟಿ ಎಳೆಯೋಣ ಅಂದವರೂ ಇದ್ದರು. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಬಿಚ್ಚಿ ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಬಾರಿಸುವ ವಿಡಿಯೋಗಳಂತೂ ಬೇಕಾದಷ್ಟಿವೆ. ಅವುಗಳಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿದ್ದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ನಮ್ಮ ಮೆಕ್ಯಾನಿಕ್ ಕೆಲಸ ಕಲಿತಿದ್ದು ಮೈಸೂರಿನಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ. 1996ರಲ್ಲಿ ಅದು ಮುಚ್ಚಿದ ಮೇಲೂ ಜಾವಾ, ಯೆಜ್ಡಿ ಬಿಟ್ಟು ಬೇರೆ ಗಾಡಿಗೆ ಪಾನಾ ಹಿಡಿದವರಲ್ಲ. ಬ್ಲೋ ಲ್ಯಾಂಪ್ ಹಚ್ಚಿ ಕಾಯಿಸೋಣವಾ ಅಂತ ನಾನು ಕೇಳಿದ್ದಕ್ಕೆ ನಕ್ಕರು. "ಡೀಸೆಲ್ ಸುರಿಯೋ ಗಾಡಿಗೆ ಬೆಂಕಿ ಹಿಡೀತೀರಾ ಸಾರ್?" ಅಲ್ಲದೆ ಕಾದರೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಹೊರಗಿನ ಬಿಸಿ ಪಿಸ್ಟನ್‌ಗೆ ಮುಟ್ಟಿತೋ, ಇನ್ನೂ ಬಿಗಿ.

ಹೆಡ್ ತೆಗೆದು ನೋಡಿದರೆ ಪಿಸ್ಟನ್ ಹೆಚ್ಚುಕಡಿಮೆ ನಡುವೆ ನಿಂತಿದೆ. ಅದರ ಮೇಲೆ ಬೋರ್ ಸುತ್ತ ಕೆಂಪು ತುಕ್ಕಿನ ಉಂಗುರ. ಎಮರಿ ಪೇಪರ್ ಹಾಕಿ ಅದನ್ನು ಉಜ್ಜಿ, ಡೀಸೆಲ್ಲಿಗೆ ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿ ಮೇಲೆ ನಿಲ್ಲಿಸಿದೆವು. ಇಲ್ಲಿ ನೋಡಬೇಕಾದ್ದು ಒಂದೇ: ಎಣ್ಣೆಯ ಮಟ್ಟ ಇಳಿಯುತ್ತಿದೆಯೇ? ಮೊದಮೊದಲು ಇಳಿಯಲೇ ಇಲ್ಲ. ಆಮೇಲೊಂದು ಬೆಳಿಗ್ಗೆ ಪಿಸ್ಟನ್ ತಲೆ ಬರಿದಾಗಿತ್ತು. ರಿಂಗಿನ ಸಂದಿನಲ್ಲಿ ದಾರಿ ಸಿಕ್ಕಿದೆ ಅಂತಾಯಿತು.

ನನಗೆ ತುಂಬಾ ಹಿಡಿಸಿದ್ದು ಮುಂದಿನ ಕೆಲಸ. ಎರಡೂ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಗೆ ಟಾರ್ಚ್ ಬಿಟ್ಟರು. ಪಿಸ್ಟನ್ನಿನ ಪಕ್ಕೆ ಕಾಣಿಸಿತು. ಅಂದರೆ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೊರಹೋಗುವ ಕಿಂಡಿ) ಮುಚ್ಚಿದೆ, ಮೇಲೆ ಏನು ತುಂಬಿದರೂ ಹೊರಗೆ ಓಡಿಹೋಗುವುದಿಲ್ಲ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗೆಲ್ಲೋ ನಿಂತಿದ್ದರೆ ಪೋರ್ಟ್ ತೆರೆದಿದ್ದು, ಗ್ರೀಸ್ ಒತ್ತಿ ಪಿಸ್ಟನ್ ತಳ್ಳುವ ಈ ಉಪಾಯ ನಡೆಯುತ್ತಿರಲಿಲ್ಲ. ಒಂದು ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ 14 ಮಿ.ಮೀ. ಥ್ರೆಡ್ಡಿನ ಕಬ್ಬಿಣದ ಚಿಪ್ಪಿಗೆ ಗ್ರೀಸ್ ಗನ್ನಿನ ಬಾಯಿ ಕೂರುವ ನಿಪ್ಪಲ್ಲನ್ನು ಬ್ರೇಜಿಂಗ್ ಮಾಡಿ ಬೆಸೆಸಿದರು. ಹೆಡ್ ವಾಪಸ್ ಕೂರಿಸಿ, ಒಳಗೆ ಗಾಳಿ ಉಳಿಯದ ಹಾಗೆ ಗ್ರೀಸ್ ತುಂಬಿ, ಈ ಪ್ಲಗ್ ಬಿಗಿದು ಟ್ರ್ಯಾಕ್ಟರಿಗೆ ಹೊಡೆಯುವ ಗ್ರೀಸ್ ಗನ್ ಸಿಕ್ಕಿಸಿದರು. ಕಂಪ್ರೆಸರ್ ಗಾಳಿ ಯಾಕಾಗಬಾರದು ಅಂದರೆ, ಗಾಳಿ ಅದುಮಿಕೊಂಡಿದ್ದು ಒಮ್ಮೆಲೇ ಸಿಡಿಯುತ್ತದೆ. ಗ್ರೀಸಿಗೆ ಆ ಗುಣವಿಲ್ಲ, ಪಿಸ್ಟನ್ ಒಂಚೂರು ಸರಿದರೂ ಒತ್ತಡ ಇಳಿದುಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಬೋರ್ 65 ಮಿ.ಮೀ., ಅಂದರೆ ಪಿಸ್ಟನ್ ತಲೆ ಸುಮಾರು 33 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 100 ಕೆಜಿ ಒತ್ತಡ ಬಂದರೂ 3,300 ಕೆಜಿ ಆಯಿತು. ಅದೂ ಸುತ್ತಿಗೆಯ ಏಟಿನ ಹಾಗೆ ಒಂದು ಕಡೆಗಲ್ಲ, ಇಡೀ ತಲೆಗೆ ಸಮನಾಗಿ.

ಒಂದು ಪಂಪ್ ಒತ್ತಿ ನಿಲ್ಲುವುದು, ಬೀಡಿಯ ಒಂದು ದಮ್ಮು, ಮತ್ತೊಂದು ಪಂಪ್. ಹ್ಯಾಂಡಲ್ ಕಲ್ಲಿನಂತಾದಾಗ ಸುಮ್ಮನೆ ಕೂತು ಕಾದರು. ಒಳಗೆಲ್ಲೋ "ಟಕ್" ಅಂತು. ಹ್ಯಾಂಡಲ್ ಮೆತ್ತಗಾಯಿತು. ಕೆಳಗಿನ ಬೋರನ್ನು ಪಿಸ್ಟನ್ನೇ ನೀರಿನಿಂದ ಕಾಪಾಡಿದ್ದರಿಂದ ಅಲ್ಲಿ ತುಕ್ಕು ಕಡಿಮೆ, ಹಾಗಾಗಿ ಆಮೇಲೆ ಸಲೀಸಾಗಿಯೇ ಇಳಿಯಿತು. ಎಕ್ಸಾಸ್ಟ್ ಬಾಯಲ್ಲಿ ಗ್ರೀಸಿನ ಹುಳ ಇಣುಕಿದ ಕೂಡಲೇ ಗನ್ ನಿಲ್ಲಿಸಿದರು. ಇನ್ನೂ ಒತ್ತಿದ್ದರೆ ಟ್ರಾನ್ಸ್‌ಫರ್ ಪೋರ್ಟ್ (ಕೆಳಗಿನಿಂದ ಸಿಲಿಂಡರಿಗೆ ಪೆಟ್ರೋಲ್ ಬೆರೆತ ಗಾಳಿ ಬರುವ ಕಿಂಡಿ) ತೆರೆದು ಗ್ರೀಸೆಲ್ಲ ತಳದ ಕ್ರ್ಯಾಂಕ್ ಕೇಸಿಗೆ ಹೋಗುತ್ತಿತ್ತು. ಅದನ್ನು ತೊಳೆಯುವ ಕೆಲಸ ಶತ್ರುವಿಗೂ ಬೇಡ.

ಬ್ಯಾರೆಲ್ (ಸಿಲಿಂಡರ್) ಎತ್ತುವಾಗ ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುಂಬಿದ್ದು ಒಳ್ಳೆಯದೇ ಆಯಿತು, ಒಂದು ರಿಂಗ್ ಮೂರು ತುಂಡಾಗಿ ಉದುರಿತು. ಬೋರಿನಲ್ಲಿ ರಿಂಗ್ ಕೂತಿದ್ದ ಕಡೆ ಗೆರೆಗಳು ಉಗುರಿಗೆ ಸಿಗುವಷ್ಟು ಆಳವಾಗಿವೆ. ರೀಬೋರ್ ಮಾಡಿಸಿ (ಬೋರನ್ನು ಕೊರೆದು ಹಿಗ್ಗಿಸಿ) ಓವರ್‌ಸೈಜ್ ಪಿಸ್ಟನ್ ಹಾಕದೆ ಬೇರೆ ದಾರಿಯಿಲ್ಲ.

ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದ ಮೆಕ್ಯಾನಿಕ್ಕಿಗೆ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿನ ಮೇಲೂ ಅನುಮಾನ. ನೀರು ಅಲ್ಲಿಗೂ ಹೋಗಿದ್ದರೆ ಇಂಜಿನ್ ಇಬ್ಭಾಗ ಮಾಡಲೇಬೇಕು. ಈ ಸುದ್ದಿಯನ್ನು ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ಅವರು ಆಗಲೇ ಹೊಸ ಸೀಟಿಗೆ ಬಣ್ಣ ಆರಿಸುತ್ತಿದ್ದಾರೆ.